ಅರ್ಧ ಮ್ಯಾರಥಾನ್: ಓಟವೂ ಶ್ರದ್ಧೆಯೂ

ಐವತ್ತಾರು ವರ್ಷದ ಕನ್ನಡ ಪಂಡಿತನೊಬ್ಬನು ಪಂಚೆಯನ್ನು ಬಿಟ್ಟು ಚಡ್ಡಿ ತೊಟ್ಟು, ಎದೆಯ ಮೇಲೆ ನಂಬರಿನ ಚೀಟಿ ಸಿಕ್ಕಿಸಿಕೊಂಡು, ನಸುಕಿನಲ್ಲಿ ಮೈಸೂರಿನ ರಸ್ತೆಯ ಮೇಲೆ ಓಡಿದನೆಂದರೆ ನಗುವವರು ನಗಲಿ. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಒಂದು ವಾರ ಅದೇ ಮಾತಾಗಿತ್ತು. ನಗು ಮುಗಿದ ಮೇಲೆ ಗಣಿತದ ಮೇಷ್ಟ್ರು ಎರಡು ಪ್ರಶ್ನೆ ಕೇಳಿದರು. ಒಂದು: "ಇಪ್ಪತ್ತೊಂದು ಕಿಲೋಮೀಟರು, ಅದರ ಮೇಲೆ ತೊಂಬತ್ತೇಳೂವರೆ ಮೀಟರು, ಇದೆಂಥ ಲೆಕ್ಕ ಸ್ವಾಮಿ?" ಎರಡು: "ಅಷ್ಟು ಹೊತ್ತು ಓಡುವಾಗ ಏನು ಯೋಚನೆ ಮಾಡುತ್ತಿದ್ದಿರಿ?" ಮೊದಲನೆಯದಕ್ಕೆ ಅಂದೇ ಉತ್ತರ ಕೊಟ್ಟೆ. ಎರಡನೆಯದಕ್ಕೆ ಈಗ ಕೊಡುತ್ತಿದ್ದೇನೆ.

ಮೊದಲು ಲೆಕ್ಕವನ್ನು ನೋಡೋಣ. ಮ್ಯಾರಥಾನ್ ಎಂಬುದು ಗ್ರೀಸ್ ದೇಶದ ಒಂದು ಬಯಲಿನ ಹೆಸರು. ಕ್ರಿ.ಪೂ. ೪೯೦ರಲ್ಲಿ ಅಥೆನ್ಸಿನವರು ಅಲ್ಲಿ ಪರ್ಷಿಯದ ದೊಡ್ಡ ಸೈನ್ಯವನ್ನು ಸೋಲಿಸಿದರು. ಗೆಲುವಿನ ಸುದ್ದಿಯನ್ನು ಹೊತ್ತು ಒಬ್ಬ ದೂತನು ಅಥೆನ್ಸಿಗೆ ಓಡಿಬಂದು, ಸುದ್ದಿ ಹೇಳಿ, ಅಲ್ಲೇ ಪ್ರಾಣಬಿಟ್ಟನೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಈ ಕಥೆ ಬರುವುದು ಯುದ್ಧ ನಡೆದು ಸುಮಾರು ಆರು ಶತಮಾನ ಕಳೆದ ಮೇಲಿನ ಲೇಖಕರಲ್ಲಿ. ಯುದ್ಧಕ್ಕೆ ಹತ್ತಿರದ ಕಾಲದ ಇತಿಹಾಸಕಾರ ಹೆರೊಡೋಟಸನು ಹೇಳುವುದೇ ಬೇರೆ. ಅವನ ದೂತ ಓಡಿದ್ದು ಯುದ್ಧಕ್ಕೆ ಮೊದಲು, ಸಹಾಯ ಕೇಳುವುದಕ್ಕಾಗಿ, ಸುಮಾರು ೨೪೦ ಕಿಲೋಮೀಟರು ದೂರದ ಸ್ಪಾರ್ಟಾ ನಗರಕ್ಕೆ. ಆ ವಿಷಯಕ್ಕೆ ಮತ್ತೆ ಬರುತ್ತೇನೆ.

೧೮೯೬ರಲ್ಲಿ ಅಥೆನ್ಸಿನಲ್ಲಿ ಆಧುನಿಕ ಒಲಿಂಪಿಕ್ ಕ್ರೀಡೆಗಳು ಪ್ರಾರಂಭವಾದಾಗ, ಆ ದೂತನ ನೆನಪಿಗಾಗಿ ಮ್ಯಾರಥಾನ್ ಬಯಲಿನಿಂದ ಓಟವೊಂದನ್ನು ಏರ್ಪಡಿಸಬೇಕೆಂದು ಸೂಚಿಸಿದವರು ಮಿಶೆಲ್ ಬ್ರೆಯಾಲ್ ಎಂಬ ಫ್ರೆಂಚ್ ವಿದ್ವಾಂಸರು. ಅವರು ಕ್ರೀಡಾಪಟುವಲ್ಲ, ಭಾಷಾಶಾಸ್ತ್ರಜ್ಞರು; ಶಬ್ದಗಳ ಅರ್ಥವನ್ನು ಶೋಧಿಸುವ ಶಾಸ್ತ್ರಕ್ಕೆ ಯೂರೋಪಿನಲ್ಲಿ ಹೆಸರಿಟ್ಟವರು. ಶಬ್ದದ ಬೆನ್ನು ಹತ್ತುವ ಪಂಡಿತರೇ ಈ ಓಟಕ್ಕೆ ಮೂಲಪುರುಷರೆಂದು ತಿಳಿದ ದಿನ ನನ್ನ ಸಂಕೋಚ ಅರ್ಧಕ್ಕೆ ಇಳಿಯಿತು. ಆ ಮೊದಲ ಓಟ ಸುಮಾರು ೪೦ ಕಿಲೋಮೀಟರಿನದು. ಗೆದ್ದವನು ಸ್ಪೈರಿಡಾನ್ ಲೂಯಿಸ್ ಎಂಬ ನೀರು ಹೊರುವ ಕಸುಬಿನವನು. ೧೯೦೮ರಲ್ಲಿ ಲಂಡನ್ನಿನ ಒಲಿಂಪಿಕ್ಸಿನಲ್ಲಿ ಓಟವು ವಿಂಡ್ಸರ್ ಅರಮನೆಯಲ್ಲಿ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರ ಆಸನದ ಮುಂದೆ ಮುಗಿಯಿತು. ಆ ದೂರ ೨೬ ಮೈಲಿ ೩೮೫ ಗಜ. ೧೯೨೧ರಲ್ಲಿ ಅದೇ ಶಾಶ್ವತವಾಗಿ ನಿಂತಿತು: ೪೨ ಕಿಲೋಮೀಟರು ೧೯೫ ಮೀಟರು. ಅದರ ಅರ್ಧವೇ ನಾನು ಓಡಿದ್ದು. ಗಣಿತದ ಮೇಷ್ಟ್ರ ತೊಂಬತ್ತೇಳೂವರೆ ಮೀಟರು ಬಂದದ್ದು ಹೀಗೆ, ಒಂದು ಅರಮನೆಯ ಅಂಗಳದಿಂದ.

ನಾನು ಓಟಕ್ಕೆ ಇಳಿದದ್ದು ಉತ್ಸಾಹದಿಂದಲ್ಲ. ಮೂರು ವರ್ಷಗಳ ಹಿಂದೆ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಬಂದಿದೆ, ದಿನವೂ ನಡೆಯಿರಿ ಎಂದರು. ನಡಿಗೆ ಮೆಲ್ಲನೆ ಓಟವಾಯಿತು. ಇದರ ಕ್ರಮವನ್ನು ತಿಳಿಯಬಯಸುವವರಿಗೆ ಎರಡು ಮಾತು. ಮೊದಲು ವೈದ್ಯರಿಗೆ ಎದೆಯನ್ನು ತೋರಿಸಬೇಕು. ಆಮೇಲೆ ಎಷ್ಟು ನಿಧಾನವಾಗಿ ಓಡಬೇಕೆಂದರೆ, ಪಕ್ಕದವರೊಡನೆ ಮಾತನಾಡಲು ಉಸಿರು ಉಳಿದಿರಬೇಕು. ವಾರದಲ್ಲಿ ಒಂದು ದಿನ ದೂರದ ಓಟ, ಅದನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋಗುವುದು, ನಡುವೆ ವಿಶ್ರಾಂತಿ. ನಾವು ಉಂಡ ಅನ್ನದ ಸಕ್ಕರೆಯನ್ನು ದೇಹವು ಪಿತ್ತಜನಕಾಂಗದಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೊಜನ್ ಎಂಬ ರೂಪದಲ್ಲಿ ಕೂಡಿಟ್ಟಿರುತ್ತದೆ. ಓಟಗಾರನು ಖರ್ಚುಮಾಡುವುದು ಮುಖ್ಯವಾಗಿ ಆ ಕಣಜವನ್ನು. ಅಭ್ಯಾಸವಾದಂತೆ ದೇಹವು ಕೊಬ್ಬನ್ನೂ ಹೆಚ್ಚಾಗಿ ಉರಿಸಿ ಕಣಜವನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳುವುದನ್ನು ಕಲಿಯುತ್ತದೆ. ಮಧುಮೇಹದ ಔಷಧಿ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರ ಇಳಿಯುವ ಅಪಾಯವೂ ಉಂಟು. ಆದ್ದರಿಂದ ನನ್ನ ಜೇಬಿನಲ್ಲಿ ಸದಾ ನಾಲ್ಕು ಬೆಲ್ಲದ ಅಚ್ಚು.

ಇನ್ನು ಎರಡನೆಯ ಪ್ರಶ್ನೆ. ಇದನ್ನು ಹೇಳಬೇಕಾದರೆ ಮನೆಯ ಮಾತನ್ನು ಸ್ವಲ್ಪ ಹೇಳಬೇಕಾಗುತ್ತದೆ, ಓದುಗರು ಮನ್ನಿಸಬೇಕು.

ನನ್ನ ಪತ್ನಿ ಕಾಯಿಲೆ ಬಿದ್ದಾಗ, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನೊಂದು ಹರಕೆ ಹೊತ್ತೆ. ಚಾಮುಂಡಿಬೆಟ್ಟಕ್ಕೆ ಸಾವಿರ ಮೆಟ್ಟಿಲೆಂದು ನಮ್ಮವರೆಲ್ಲ ಹೇಳುತ್ತಾರೆ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತ ಮೇಲೇರುವುದನ್ನು ನೋಡದ ಮೈಸೂರಿನವರಿಲ್ಲ. "ತಾಯಿ, ಇವಳಿಗೆ ಗುಣವಾದರೆ ಇಬ್ಬರೂ ಬಂದು ಮೆಟ್ಟಿಲು ಮೆಟ್ಟಿಲಿಗೂ ಹಚ್ಚುತ್ತೇವೆ" ಎಂದೆ. ಗುಣವಾಗಲಿಲ್ಲ. ಆಮೇಲೆ ದೇವರ ಮನೆಯಲ್ಲಿ ನಾನು ದೀಪ ಹಚ್ಚಲಿಲ್ಲ. ವರ್ಷ ತುಂಬಿದ ಮೇಲೆ ನನ್ನ ನಾದಿನಿ ಕೇಳಿದಳು: "ಭಾವ, ಆ ಹರಕೆ ಹಾಗೇ ಉಳಿದುಹೋಯಿತಲ್ಲ?" ನಾನು ಸಿಡುಕಿದೆ: "ಕೆಲಸವೇ ಆಗಲಿಲ್ಲ, ಕೂಲಿ ಯಾರಿಗೆ ಕೊಡಲಿ?" ಅವಳು ಮತ್ತೆ ಮಾತೆತ್ತಲಿಲ್ಲ. ಅಂದಿನಿಂದ ಬೆಳಗಿನ ಓಟಕ್ಕೆ ನಾನು ಬೆಟ್ಟದ ತಪ್ಪಲಿನ ದಾರಿಯನ್ನು ಬಿಟ್ಟೆ.

ಆದರೆ ಸ್ಪರ್ಧೆಯ ದಾರಿ ನನ್ನ ಇಷ್ಟದಂತೆ ಇರಲಿಲ್ಲ. ಮಾರ್ಗಶಿರದ ಒಂದು ಭಾನುವಾರ, ಲಲಿತಮಹಲಿನ ಬಳಿ ಹೊರಟು ವರ್ತುಲ ರಸ್ತೆಯಲ್ಲಿ ಉತ್ತರಕ್ಕೆ ಓಡಿ, ಅರ್ಧದಲ್ಲಿ ತಿರುಗಿ ಅದೇ ದಾರಿಯಲ್ಲಿ ಹಿಂದಿರುಗಬೇಕು. ಎಂದರೆ ಹೋಗುವಾಗ ಬೆಟ್ಟ ಬೆನ್ನಿಗೆ, ಬರುವಾಗ ಕಣ್ಣಿಗೆ.

ಮೊದಲ ಕಿಲೋಮೀಟರುಗಳು ಸುಖವಾಗಿ ಕಳೆದುವು. ಚಳಿಯಿತ್ತು. ರಸ್ತೆಬದಿಯ ಒಂದು ಮನೆಯ ರೇಡಿಯೋದಿಂದ ಭಕ್ತಿಗೀತೆ ಕೇಳಿಬಂತು. ಒಳಗೆ ಯಾರೋ ಕಾಫಿಗೆ ನೀರಿಟ್ಟಿರಬೇಕು. ನನ್ನ ಕಿವಿಯಲ್ಲಿ ಇದ್ದದ್ದು ಉಸಿರಿನ ಸದ್ದು. ಮೂರು ಹೆಜ್ಜೆಗೆ ಒಳಗೆ, ಮೂರು ಹೆಜ್ಜೆಗೆ ಹೊರಗೆ. ಪಂಡಿತನ ತಲೆ, ಓಡುವಾಗಲೂ ಸುಮ್ಮನಿರದು. 'ವಿಶ್ವಾಸ' ಎಂಬ ಶಬ್ದ ನೆನಪಾಯಿತು. ಅದರ ಧಾತು 'ಶ್ವಸ್', ಉಸಿರಾಡು. ಶ್ವಾಸ, ನಿಶ್ವಾಸ, ವಿಶ್ವಾಸ ಎಲ್ಲ ಒಂದೇ ಮನೆಯ ಮಕ್ಕಳು. ಯಾರ ಬಳಿ ನಾವು ಬಿಗಿಹಿಡಿಯದೆ ಉಸಿರಾಡಬಲ್ಲೆವೋ ಅವರಲ್ಲಿ ನಮಗೆ ವಿಶ್ವಾಸ. ಮೂವತ್ತು ವರ್ಷ ತರಗತಿಯಲ್ಲಿ ಈ ವ್ಯುತ್ಪತ್ತಿಯನ್ನು ಹೇಳಿದ್ದೇನೆ. ಎದೆಯಲ್ಲಿ ಅರಿತದ್ದು ಅಂದು.

ಆಗಲೇ ಗ್ರೀಕರ ಕಥೆಯೂ ನೆನಪಾಯಿತು. ಸ್ಪಾರ್ಟಾಕ್ಕೆ ಓಡಿದ ದೂತನಿಗೆ ದಾರಿಯ ಬೆಟ್ಟದಲ್ಲಿ ಪ್ಯಾನ್ ಎಂಬ ದೇವರು ಕಾಣಿಸಿಕೊಂಡನಂತೆ. ಅವನು ವರ ಕೊಡುವುದಕ್ಕೆ ಮೊದಲು ಕೇಳಿದ್ದು, ನಿಮ್ಮವರು ನನ್ನನ್ನೇಕೆ ಮರೆತಿದ್ದಾರೆ ಎಂದು. ಯುದ್ಧ ಗೆದ್ದ ಮೇಲೆ ಅಥೆನ್ಸಿನವರು ಅವನಿಗೊಂದು ಗುಡಿ ಮಾಡಿದರೆಂದು ಹೆರೊಡೋಟಸನು ಬರೆದಿದ್ದಾನೆ. ಅವರದು ಇನ್ನೊಂದು ಹರಕೆಯೂ ಇತ್ತು. ಅದನ್ನು ಹೇಳುವವನು ಜೆನೊಫೋನ್. ಎಷ್ಟು ಮಂದಿ ಶತ್ರುಗಳು ಬೀಳುತ್ತಾರೋ ಅಷ್ಟು ಆಡುಗಳನ್ನು ಆರ್ಟೆಮಿಸ್ ದೇವಿಗೆ ಕೊಡುತ್ತೇವೆ ಎಂದು ಹೊತ್ತುಕೊಂಡರು. ಹೆರೊಡೋಟಸನ ಲೆಕ್ಕದಲ್ಲಿ ಬಿದ್ದವರು ೬,೪೦೦. ಅಷ್ಟು ಆಡುಗಳು ಸಿಕ್ಕಲಿಲ್ಲ. ಅದಕ್ಕೆ ವರ್ಷಕ್ಕೆ ೫೦೦ರಂತೆ ಕೊಡುವುದೆಂದು ನಿಶ್ಚಯಿಸಿದರು. ಕಂತಿನ ಮೇಲೆ ಹರಕೆ! ೬,೪೦೦ಕ್ಕೆ ೫೦೦ರಂತೆ ಹದಿಮೂರು ವರ್ಷಕ್ಕೆ ಬಾಕಿ ತೀರಬೇಕು. ಆದರೆ ಒಂದು ನೂರು ವರ್ಷದ ಮೇಲೆ ಬರೆದ ಜೆನೊಫೋನನು, ಈಗಲೂ ಕೊಡುತ್ತಿದ್ದಾರೆ ಎನ್ನುತ್ತಾನೆ. ಸಾಲ ತೀರಿತು, ಕೊಡುವುದು ನಿಲ್ಲಲಿಲ್ಲ. ಹಾಗಾದರೆ ಅವರು ಕೊಡುತ್ತಿದ್ದುದು ಏನು?

ಈ ಪ್ರಶ್ನೆಯನ್ನು ಹೊತ್ತುಕೊಂಡೇ ಅರ್ಧದಾರಿಯ ಕಂಬವನ್ನು ಸುತ್ತಿ ತಿರುಗಿದೆ. ಎದುರಿಗೆ ಬೆಟ್ಟ. ಬಿಸಿಲು ಏರಿತ್ತು; ಗುಡಿಯ ಗೋಪುರ ಇರುವ ಕಡೆ ಬೆಳ್ಳಗೆ ಹೊಳೆಯುತ್ತಿತ್ತು. ತಲೆ ತಗ್ಗಿಸಿ ಓಡಿದೆ. ಹದಿನಾಲ್ಕು, ಹದಿನೈದು. ತೊಡೆಗಳು ಕಲ್ಲಾದುವು. ಬೆಲ್ಲದ ಅಚ್ಚೊಂದನ್ನು ಬಾಯಿಗೆ ಹಾಕಿಕೊಂಡೆ.

ನಾನು ಆಡಿದ ಹರಕೆಯ ಮಾತನ್ನು ವ್ಯಾಕರಣದ ಕಣ್ಣಿನಿಂದ ನೋಡಿದೆ. "ಗುಣವಾದರೆ." ಆ ಕೊನೆಯ 'ಅರೆ' ಎಂಬುದರ ಮೇಲೆ ಇಡೀ ವಾಕ್ಯ ನಿಂತಿದೆ. ಅದು ಕುಸಿದರೆ ಮುಂದಿನದೆಲ್ಲ ಕುಸಿಯುತ್ತದೆ. ಕನ್ನಡದಲ್ಲಿ 'ಅರೆ' ಎಂದರೆ ಅರ್ಧ ಎಂದೂ ಅರ್ಥ. ಎರಡಕ್ಕೂ ಸಂಬಂಧ ಕಟ್ಟುವುದು ಶಾಸ್ತ್ರವಲ್ಲ, ಬರಿಯ ಶ್ಲೇಷೆ. ಆದರೆ ಅಂದು ಆ ಶ್ಲೇಷೆ ಚುಚ್ಚಿತು. ನನ್ನದು ಅರೆನಂಬಿಕೆ. ನಂಬಿದ್ದು ದೇವಿಯನ್ನಲ್ಲ, ಬರಬೇಕಾದ ಫಲವನ್ನು.

ಹದಿನೇಳನೆಯ ಕಿಲೋಮೀಟರಿನ ಬಳಿ ನಿಂತೇಬಿಟ್ಟೆ. ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿದ್ದೆ. ರಸ್ತೆ ಗುಡಿಸುತ್ತಿದ್ದ ಹೆಂಗಸೊಬ್ಬಳು ಪೊರಕೆ ನಿಲ್ಲಿಸಿ ನೋಡಿದಳು. "ಯಾಕಣ್ಣ ನಿಂತೆ? ಓಡಣ್ಣ, ಇನ್ನೇನು ಬಂತು!" ಎಂದಳು. ಬಂದಿರಲಿಲ್ಲ. ಇನ್ನೂ ನಾಲ್ಕು ಕಿಲೋಮೀಟರು ಇತ್ತು, ಮತ್ತು ಗುರಿ ಎಲ್ಲಿದೆಯೆಂದು ಆಕೆಗೆ ಗೊತ್ತಿದ್ದಂತೆಯೂ ಕಾಣಲಿಲ್ಲ. ಆದರೂ 'ಬಂತು' ಎಂದಳು. ನಮ್ಮ ಭಾಷೆಯ ಸೊಗಸು ಇದು. ಅಡುಗೆಮನೆಯಿಂದ ಕರೆದರೆ, ಎದ್ದೇ ಇರದವನೂ "ಬಂದೆ" ಎನ್ನುತ್ತಾನೆ. ಇನ್ನೂ ಆಗದುದನ್ನು ಆಯಿತೆಂದೇ ಹೇಳುವ ಭೂತಕಾಲ ಇದು. ಇದರಲ್ಲಿ 'ಆದರೆ' ಇಲ್ಲ. ಫಲದ ಭರವಸೆಯೂ ನಿಜವಾಗಿ ಇಲ್ಲ. ನಾನಿದ್ದೇನೆ, ನೀನು ಹೊರಡು ಎಂಬುದಷ್ಟೇ ಅದರ ಅರ್ಥ. ಆಸ್ಪತ್ರೆಯ ಕೊನೆಯ ದಿನಗಳಲ್ಲಿ ನನ್ನಾಕೆ ಕರೆದಾಗಲೆಲ್ಲ ನಾನು "ಬಂದೆ, ಬಂದೆ" ಎಂದೇ ಓಡುತ್ತಿದ್ದೆ. ಹೋಗಿ ಗುಣಪಡಿಸುವ ಶಕ್ತಿ ನನ್ನಲ್ಲಿ ಇರಲಿಲ್ಲ. ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಆಕೆ ಅದನ್ನು ಸೋತ ಕೆಲಸವೆಂದು ಎಣಿಸಿರಲಾರಳು.

ಆ ಹೆಂಗಸಿಗೆ ಕೈಮುಗಿದು ಹೊರಟೆ. ಉಳಿದ ದೂರವನ್ನು ಸ್ವಲ್ಪ ಓಡಿ, ಸ್ವಲ್ಪ ನಡೆದು ಮುಗಿಸಿದೆ. ಎರಡು ಗಂಟೆ ಐವತ್ತೆರಡು ನಿಮಿಷ ಹಿಡಿಯಿತು. ಅಷ್ಟರಲ್ಲಿ ಚುರುಕು ಹುಡುಗರು ಓಡಿ ಮುಗಿಸಿ, ತಿಂಡಿ ತಿಂದು, ಮನೆ ಸೇರಿದ್ದರು.

ಕೊನೆಯ ಆ ಕಿಲೋಮೀಟರುಗಳಲ್ಲಿ ನನ್ನೊಡನೆ ಇದ್ದ ಶಬ್ದ 'ಶ್ರದ್ಧೆ'. 'ಶ್ರತ್' ಮತ್ತು 'ಧಾ' ಸೇರಿ ಆದದ್ದು. ಹೃದಯವನ್ನು ಇಡುವುದು ಎಂದು ವಿದ್ವಾಂಸರು ಅರ್ಥ ಹೇಳುತ್ತಾರೆ. ಲ್ಯಾಟಿನ್ ಭಾಷೆಯ 'ಕ್ರೇದೋ', ನಂಬುತ್ತೇನೆ ಎಂಬುದು, ಇದರ ದಾಯಾದಿ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಶ್ರದ್ಧೆಯನ್ನೇ ದೇವತೆಯೆಂದು ಕರೆದು ಒಂದು ಸೂಕ್ತವಿದೆ. ಸತ್ತವರಿಗೆ ನಾವು ಮಾಡುವ ಕರ್ಮಕ್ಕೆ 'ಶ್ರಾದ್ಧ' ಎಂಬ ಹೆಸರು ಬಂದದ್ದೂ ಇದರಿಂದಲೇ. ಕನ್ನಡಿಗರು ಈ ಶಬ್ದವನ್ನು ಇನ್ನೂ ಕೆಳಗಿಳಿಸಿ ನೆಲದ ಮೇಲೆ ನಡೆಸಿದ್ದಾರೆ: ಶ್ರದ್ಧೆಯಿಂದ ಓದು, ಶ್ರದ್ಧೆಯಿಂದ ಕಸ ಗುಡಿಸು ಎನ್ನುತ್ತೇವೆ. ಅಲ್ಲಿ ಕೇಳುವುದು ನೀನು ಏನನ್ನು ನಂಬುತ್ತೀಯೆ ಎಂದಲ್ಲ. ಮನಸ್ಸನ್ನು ಎಲ್ಲಿ ಇಟ್ಟಿದ್ದೀಯೆ ಎಂದು. ಅಥೆನ್ಸಿನವರು ಸಾಲ ತೀರಿದ ಮೇಲೂ ಕೊಡುತ್ತಿದ್ದುದು ಇದನ್ನೇ ಇರಬೇಕು.

ದೇವರು ಇರುವನೋ ಇಲ್ಲವೋ, ಇದ್ದರೆ ನನ್ನ ಮಾತನ್ನು ಏಕೆ ಕೇಳಲಿಲ್ಲ ಎಂಬ ಪ್ರಶ್ನೆಗೆ ಇಪ್ಪತ್ತೊಂದು ಕಿಲೋಮೀಟರಿನಲ್ಲಿ ಉತ್ತರ ಸಿಕ್ಕಿತೆಂದು ನಾನು ಹೇಳಲಾರೆ. ಸಿಕ್ಕಿಲ್ಲ. ಆದರೆ ಕೂಲಿಯ ಲೆಕ್ಕ ಮಾತ್ರ ಬಿಟ್ಟುಹೋಯಿತು.

ಮುಂದಿನ ಶುಕ್ರವಾರ ಶಾಲೆಗೆ ರಜೆ ಹಾಕಿ ನಾದಿನಿಯನ್ನು ಕರೆದೆ. "ಹರಕೆ ತೀರಿಸೋಕಾ, ಭಾವ?" ಎಂದಳು. "ತೀರಿಸೋಕಲ್ಲ. ನಿನ್ನ ಅಕ್ಕ ಇದ್ದಿದ್ದರೆ ಹಚ್ಚುತ್ತಿದ್ದಳು, ಅದಕ್ಕೆ" ಎಂದೆ. ಅವಳು ಅರಿಸಿನದ ಬಟ್ಟಲು ಹಿಡಿದಳು, ನಾನು ಕುಂಕುಮದ್ದು. ಓಟದಿಂದ ಹಿಡಿದುಕೊಂಡಿದ್ದ ತೊಡೆ ಒಂದೊಂದು ಮೆಟ್ಟಿಲಿಗೂ ನೋಯುತ್ತಿತ್ತು. ಏಳುನೂರನೆಯ ಮೆಟ್ಟಿಲಿನ ಬಳಿಯ ದೊಡ್ಡ ನಂದಿಯ ಹತ್ತಿರ ಕುಳಿತು ಸುಧಾರಿಸಿಕೊಂಡೆವು. ಕೆಳಗೆ ಊರು, ಆಚೆ ನಾನು ಓಡಿದ ರಸ್ತೆ ನೂಲಿನಂತೆ ಕಾಣುತ್ತಿತ್ತು. ನಾದಿನಿ ಎರಡು ಬಟ್ಟಲನ್ನೂ ಎತ್ತಿಕೊಂಡು, "ಏಳಿ ಭಾವ, ಇನ್ನೇನು ಬಂತು" ಎಂದಳು. ಇನ್ನೂ ಮುನ್ನೂರು ಮೆಟ್ಟಿಲು ಇತ್ತು. ಎದ್ದೆ.