ಗುಡ್ಡದ ನೆತ್ತಿಯ ವಿಮಾನ ನಿಲ್ದಾಣ

ವಿಮಾನವು ಆಕಾಶದಲ್ಲಿ ಸಂಚರಿಸುವ ವಾಹನವೇ ಆದರೂ ಅದರ ಯೋಗಕ್ಷೇಮವು ಬಹುಮಟ್ಟಿಗೆ ನೆಲವನ್ನೇ ಅವಲಂಬಿಸಿದೆ. ಮೇಲೇರುವ ಮುನ್ನ ವೇಗವನ್ನು ಪಡೆಯುವುದಕ್ಕೂ ಇಳಿದ ಬಳಿಕ ಅದನ್ನು ಕಳೆದುಕೊಳ್ಳುವುದಕ್ಕೂ ಉದ್ದವಾದ, ಸಮತಟ್ಟಾದ ದಾರಿಯೊಂದು ಬೇಕು. ರನ್‌ವೇ ಎನ್ನುವುದು ಇದಕ್ಕೇ. ಮಂಗಳೂರು ವಿಮಾನ ನಿಲ್ದಾಣದ ಚರಿತ್ರೆಯು ಮುಖ್ಯವಾಗಿ ಅಂಥ ನೆಲವನ್ನು ಒದಗಿಸಿಕೊಂಡ ಚರಿತ್ರೆ.

ಕರಾವಳಿಯಲ್ಲಿ ವಿಶಾಲವಾದ ಬಯಲು ಅಪರೂಪ. ಸಮುದ್ರದ ಬದಿಗೆ ಹೊಳೆ, ಅಳಿವೆ, ಗದ್ದೆ, ತೋಟಗಳು. ಒಳನಾಡಿಗೆ ಸರಿದರೆ ಗುಡ್ಡಗಳು. ಆದರೆ ಇಲ್ಲಿಯ ಮುರಕಲ್ಲಿನ ಗುಡ್ಡಗಳಲ್ಲಿ ಕೆಲವಕ್ಕೆ ನೆತ್ತಿಯು ಮಟ್ಟಸವಾಗಿರುವುದುಂಟು. ಅಂಥ ಜಾಗವನ್ನು ಜನರು ಪದವು ಎಂದು ಕರೆಯುತ್ತಾರೆ. ನಗರದ ಈಶಾನ್ಯಕ್ಕೆ, ಬಜಪೆಯ ಬಳಿ, ಹೀಗೆ ಎತ್ತರದ ನೆಲದಲ್ಲಿ ನಿಲ್ದಾಣವು ಸಿದ್ಧವಾಯಿತು. 1951ರ ಡಿಸೆಂಬರ್ 25ರಂದು ಆಗಿನ ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಹೊತ್ತ ಡಿ.ಸಿ.-3 ವಿಮಾನವು ಇಲ್ಲಿ ಇಳಿಯಿತು.

ಆಗ ಈ ಜಿಲ್ಲೆ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಬೆಂಗಳೂರಿಗೆ ಹೋಗುವವರು ಘಟ್ಟದ ರಸ್ತೆಯನ್ನು ಹತ್ತಬೇಕಿತ್ತು. ಹಾಸನದ ಮೂಲಕ ರೈಲು ಹಾದಿ ತೆರೆದದ್ದು 1979ರಲ್ಲಿ. ಮುಂಬಯಿಯ ಕಡೆಗೆ ಕೊಂಕಣ ರೈಲ್ವೆ ಪೂರ್ಣವಾದದ್ದು 1998ರಲ್ಲಿ. ಅಲ್ಲಿಯವರೆಗೆ ಈ ನಿಲ್ದಾಣದಿಂದ ಆದ ಉಪಕಾರವು ಸಾಮಾನ್ಯವಾದುದಲ್ಲ.

ಮೊದಲ ರನ್‌ವೇಯ ಉದ್ದ 1,615 ಮೀಟರು. ಡಿ.ಸಿ.-3ರಂಥ ವಿಮಾನಕ್ಕೆ ಇದು ಧಾರಾಳವಾಗಿತ್ತು. ಜೆಟ್ ವಿಮಾನಗಳ ತೂಕವೂ ವೇಗವೂ ಹೆಚ್ಚು. ಅಲ್ಲದೆ ಸೆಕೆ ಹೆಚ್ಚಿದಾಗ ಗಾಳಿ ತೆಳುವಾಗುವುದರಿಂದ ಮೇಲೇರಲು ಇನ್ನೂ ದೂರ ಓಡಬೇಕಾಗುತ್ತದೆ. ಮಳೆಗಾಲದಲ್ಲಾದರೋ ಒದ್ದೆ ನೆಲದ ಮೇಲೆ ಬ್ರೇಕು ಸುಲಭವಾಗಿ ಹಿಡಿಯದು. 1981ರ ಆಗಸ್ಟ್ 19ರಂದು ಆವ್ರೋ ವಿಮಾನವೊಂದು ಇಲ್ಲಿ ರನ್‌ವೇಯನ್ನು ಮೀರಿ ಹೋಯಿತು; ದೈವವಶಾತ್ ಪ್ರಾಣಹಾನಿಯಾಗಲಿಲ್ಲ.

2006ರಲ್ಲಿ 2,450 ಮೀಟರು ಉದ್ದದ ಎರಡನೆಯ ರನ್‌ವೇ ಬಳಕೆಗೆ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ದುಬೈಗೆ ನೇರ ಸಂಚಾರವು ಆರಂಭವಾಗಿ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಕರಾವಳಿಯವರಿಗೆ ಊರು ಹತ್ತಿರವಾಯಿತು. ಆದರೆ ರನ್‌ವೇ ಉದ್ದವಾದರೂ ಗುಡ್ಡವು ಗುಡ್ಡವೇ. ಅದರ ಅಂಚಿನಾಚೆ ಆಳವಾದ ಇಳಿಜಾರು. ಇಂಥ ನೆಲೆಗೆ ಮೇಜಿನ ಹಲಗೆಯ ಹೋಲಿಕೆಯಿಂದ ಟೇಬಲ್‌ಟಾಪ್ ಎಂಬ ಹೆಸರು ಬಂದಿದೆ. ಕೆಳಗಿನ ನೆಲವು ಥಟ್ಟನೆ ಏರಿಳಿಯುವುದರಿಂದ ಇಳಿಯುವ ಚಾಲಕನಿಗೆ ಎತ್ತರದ ಅಂದಾಜು ತಪ್ಪುವ ಸಂಭವವೂ ಉಂಟು.

2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಕಣಿವೆಗೆ ಉರುಳಿ, 166 ಮಂದಿಯಲ್ಲಿ 158 ಮಂದಿ ಮಡಿದರು. ಬದುಕಿದವರು ಎಂಟೇ ಜನ. ವಿಮಾನವು ಬೇಕಾದುದಕ್ಕಿಂತ ಎತ್ತರದಲ್ಲಿಯೂ ವೇಗವಾಗಿಯೂ ಬಂದು, ರನ್‌ವೇಯ ಆರಂಭದಿಂದ ಸುಮಾರು 1,600 ಮೀಟರು ದಾಟಿದ ಮೇಲೆ ನೆಲ ಮುಟ್ಟಿತ್ತು. ಹಳೆಯ ರನ್‌ವೇಯ ಪೂರ್ತಿ ಉದ್ದದಷ್ಟು ದಾರಿ ಹೀಗೆ ಗಾಳಿಯಲ್ಲೇ ಕಳೆದುಹೋಯಿತು. ಇಳಿಯದೆ ಮತ್ತೆ ಮೇಲೇರುವಂತೆ ಸಹಚಾಲಕರು ಮೂರು ಬಾರಿ ಹೇಳಿದ್ದರೆಂಬುದು ವಿಚಾರಣೆಯಲ್ಲಿ ತಿಳಿದುಬಂತು. ಆಮೇಲೆ ಏರಲು ಪ್ರಯತ್ನಿಸಿದಾಗ ಹೊತ್ತು ಮೀರಿತ್ತು.

ರನ್‌ವೇಯನ್ನು ಬೇಕೆಂದಷ್ಟು ಬೆಳೆಸಲು ಗುಡ್ಡವು ಬಿಡದು. ಆದುದರಿಂದ ಇಂಥ ಕಡೆ ರಕ್ಷಣೆಯ ಬಹುಪಾಲು ಮನುಷ್ಯರ ವಿವೇಕಕ್ಕೆ ಸೇರಿದ್ದು. ಅದರಲ್ಲಿ ಪ್ರಯಾಣಿಕರ ಪಾಲೂ ಇದೆ. ವಿಮಾನವು ನೆಲದ ಸಮೀಪಕ್ಕೆ ಬಂದು, ಇಳಿಯದೆ ಮತ್ತೆ ಮೇಲೇರಿ ಒಂದು ಸುತ್ತು ಹಾಕಿದರೆ ನಾವು ಗಾಬರಿಯಾಗುತ್ತೇವೆ, ತಡವಾಯಿತೆಂದು ಗೊಣಗುತ್ತೇವೆ. ಅದು ಚಾಲಕನ ಸೋಲಲ್ಲ, ಎಚ್ಚರಿಕೆ. ಹತ್ತು ನಿಮಿಷ ತಡವಾಗಿಯಾದರೂ ಮನೆ ತಲುಪುವುದೇ ಮುಖ್ಯವಲ್ಲವೆ?