ನಲವತ್ತರ ವೇಗದಲ್ಲಿ ಸ್ಪೋರ್ಟ್ಸ್ ಕಾರು

ಸ್ಪೋರ್ಟ್ಸ್ ಕಾರಿನ ಮಾತು ಬಂದಲ್ಲೆಲ್ಲ ಮೊದಲು ಏಳುವ ಪ್ರಶ್ನೆ ಒಂದೇ: ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು? ಪೋರ್ಷೆ 911 ಕರೇರಾ ನಾಲ್ಕು ಸೆಕೆಂಡಿನ ಆಸುಪಾಸಿನಲ್ಲಿ ಮುಟ್ಟುತ್ತದೆ. ಸರಿ, ಐದನೆಯ ಸೆಕೆಂಡಿನಲ್ಲಿ ಏನು ಮಾಡುವುದು? ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100ರ ಮಿತಿ ಇದೆ, ಕ್ಯಾಮೆರಾಗಳೂ ಇವೆ. 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ಕರ್ನಾಟಕ ಪೊಲೀಸರು 2024ರಲ್ಲಿ ಪ್ರಕಟಿಸಿದರು. ಜಪಾನಿನ ಹೆಚ್ಚಿನ ಎಕ್ಸ್‌ಪ್ರೆಸ್ ರಸ್ತೆಗಳಲ್ಲಿಯೂ ಮಿತಿ 100ರ ಹತ್ತಿರವೇ. ಜರ್ಮನಿಯ ಆಟೊಬಾನ್‌ನ ಕೆಲವು ಭಾಗಗಳನ್ನು ಬಿಟ್ಟರೆ, ಇಂಥ ಕಾರು ಕೊಂಡವರು ಕೊಟ್ಟ ದುಡ್ಡಿನ ಬಹುಪಾಲನ್ನು ಮನೆಯ ಮುಂದಿನ ರಸ್ತೆಯಲ್ಲಿ ಖರ್ಚು ಮಾಡಲಾರರು. ಷೆಡ್ಡಿನಲ್ಲಿಟ್ಟು ಭಾನುವಾರ ಒರೆಸುವವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಅದೇ ಕಾರಿನಲ್ಲಿ ಆಫೀಸಿಗೆ ಹೋಗಿ, ತರಕಾರಿ ತಂದು, ಬೇಸ್‌ಮೆಂಟಿನಲ್ಲಿ ನಿಲ್ಲಿಸುವವರಿಗೆ ಲೆಕ್ಕವೇ ಬೇರೆ. ಅವರ ಕಾರು 200ರಲ್ಲಿ ಹೇಗಿರುತ್ತದೆ ಎಂಬುದು ಕಂಪನಿಯ ಪುಸ್ತಕಕ್ಕೆ ಬಿಟ್ಟ ವಿಚಾರ. 40ರಲ್ಲಿ ಹೇಗಿರುತ್ತದೆ ಎಂಬುದೇ ಅವರ ನಿತ್ಯದ ಅನುಭವ. ಈ ಅಳತೆಗೋಲು ಹಿಡಿದರೆ ದುಬಾರಿ ಕಾರುಗಳಲ್ಲಿ ಹಲವು ಹಿಂದೆ ಬೀಳುತ್ತವೆ, ಸಾಧಾರಣ ಶಕ್ತಿಯ ಒಂದು ಜಪಾನಿ ಕಾರು ಮುಂದೆ ಬರುತ್ತದೆ. ಅದು ಮಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಅದನ್ನು ಮಿಯಾಟಾ ಎನ್ನುತ್ತಾರೆ.

ಈ ಕಾರು ಹುಟ್ಟಿದ ಕಾಲವನ್ನು ನೋಡಬೇಕು. ಎರಡು ಸೀಟು, ಮಡಚುವ ಹುಡ್ಡು, ಚಿಕ್ಕ ಎಂಜಿನ್ನು ಇದ್ದ ಅಗ್ಗದ ಸ್ಪೋರ್ಟ್ಸ್ ಕಾರುಗಳನ್ನು ಜಗತ್ತಿಗೆ ಕೊಟ್ಟವರು ಬ್ರಿಟಿಷರು: ಎಂಜಿ, ಟ್ರಯಂಫ್, ಲೋಟಸ್. ಓಡಿಸಲು ಅವು ಸೊಗಸು, ಇಟ್ಟುಕೊಳ್ಳಲು ಕಷ್ಟ. ಆಯಿಲ್ ಸೋರುವುದು, ಮಳೆಗೆ ವೈರಿಂಗ್ ಕೈಕೊಡುವುದು, ಹುಡ್ಡಿನ ಸಂದಿನಿಂದ ನೀರು ತೊಟ್ಟಿಕ್ಕುವುದು ಎಲ್ಲ ಮಾಲೀಕರಿಗೂ ಗೊತ್ತಿದ್ದ ಸಂಗತಿಗಳು. 1980ರಲ್ಲಿ ಎಂಜಿಬಿ ನಿಂತುಹೋದಾಗ ಆ ಜಾತಿಯೇ ಮುಗಿಯಿತೆಂದು ಹೆಚ್ಚಿನವರು ಅಂದುಕೊಂಡರು. ಹಾಗೆ ಅಂದುಕೊಳ್ಳದವರಲ್ಲಿ ಬಾಬ್ ಹಾಲ್ ಎಂಬ ಅಮೆರಿಕನ್ ಪತ್ರಕರ್ತರೊಬ್ಬರು. ಬ್ರಿಟಿಷ್ ಕಾರಿನಂಥದ್ದೇ ಹಗುರ ಕಾರನ್ನು ನೀವೇಕೆ ಮಾಡಬಾರದು ಎಂದು ಅವರು ಮಜ್ದಾದ ಕೆನಿಚಿ ಯಮಾಮೊಟೊ ಅವರ ಮುಂದೆ ವಾದಿಸಿದರು, ಮುಂದೆ ಅದೇ ಕಂಪನಿಯ ಕ್ಯಾಲಿಫೋರ್ನಿಯಾ ಕಚೇರಿಗೆ ಸೇರಿದರು. ತೊಷಿಹಿಕೊ ಹಿರಾಯ್ ಮುಖ್ಯ ಎಂಜಿನಿಯರ್ ಆಗಿ ರೂಪಿಸಿದ ಕಾರು 1989ರ ಫೆಬ್ರುವರಿಯಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಮುಸುಕು ತೆಗೆಯಿತು. 1.6 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನು, 115 ಅಶ್ವಶಕ್ತಿಯ ಆಸುಪಾಸು, ತೂಕ ಒಂದು ಟನ್ನಿನೊಳಗೆ, ಅಮೆರಿಕದಲ್ಲಿ ಬೆಲೆ 13,800 ಡಾಲರ್. ಹಿರಾಯ್ ತಂಡ ಬ್ರಿಟಿಷರ ಕಲ್ಪನೆಯನ್ನು ಇಟ್ಟುಕೊಂಡು ಅವರ ಕಾಯಿಲೆಗಳನ್ನು ಬಿಟ್ಟಿತು. 2000ದಲ್ಲಿ ಗಿನ್ನೆಸ್ ಸಂಸ್ಥೆ ಇದನ್ನು ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಎಂದು ದಾಖಲಿಸಿತು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ಹಿರೋಷಿಮಾದ ಕಾರ್ಖಾನೆಯಿಂದ ಹೊರಬಂತು.

ಕಡಿಮೆ ವೇಗದಲ್ಲಿ ಈ ಕಾರು ಯಾಕೆ ಖುಷಿ ಕೊಡುತ್ತದೆ ಎಂಬುದಕ್ಕೆ ಭಾವುಕ ಉತ್ತರಗಳು ಬೇಕಾದಷ್ಟಿವೆ, ಭೌತಶಾಸ್ತ್ರದ ಉತ್ತರ ಇನ್ನೂ ಚೆನ್ನಾಗಿದೆ. ಕಾರು ಭಾರವಾದಷ್ಟೂ ತಿರುವಿನಲ್ಲಿ ಅದನ್ನು ಹಿಡಿದಿಡಲು ಅಗಲವಾದ ಟೈರು, ಗಡುಸಾದ ಸ್ಪ್ರಿಂಗು, ದೊಡ್ಡ ಬ್ರೇಕು ಬೇಕಾಗುತ್ತವೆ. ಅವುಗಳ ಭಾರವೂ ಕಾರಿನ ಮೇಲೆಯೇ ಬೀಳುತ್ತದೆ. ಅಗಲ ಟೈರಿನ ಹಿಡಿತ ಎಷ್ಟು ಬಲವಾಗಿರುತ್ತದೆಂದರೆ, ಅದು ಸಡಿಲುವ ಹಂತಕ್ಕೆ ಹೋಗುವುದು ಊರೊಳಗೆ ಸಾಧ್ಯವೇ ಇಲ್ಲದ ವೇಗದಲ್ಲಿ. ಅಲ್ಲಿಯವರೆಗೆ ಕಾರು ಚಾಲಕನಿಗೆ ಏನನ್ನೂ ಹೇಳುವುದಿಲ್ಲ. ಹಗುರ ಕಾರಿಗೆ ಕಿರಿದಾದ ಟೈರು ಸಾಕು, ಮೆತ್ತನೆಯ ಸ್ಪ್ರಿಂಗು ಸಾಕು. ತಿರುವಿಗೆ ಹೊಕ್ಕಾಗ ಮೈ ಒಂದಿಷ್ಟು ವಾಲುತ್ತದೆ, ರಸ್ತೆ ನುಣುಪಾಗಿದೆಯೋ ಒರಟಾಗಿದೆಯೋ ಸ್ಟೇರಿಂಗಿನಲ್ಲಿ ಕೈಗೆ ತಿಳಿಯುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಮೂತಿ ಒಳಕ್ಕೆ ತಿರುಗುವುದು ಗೊತ್ತಾಗುತ್ತದೆ. ಎಂಜಿನ್ನನ್ನು ಮುಂದಿನ ಆಕ್ಸಲಿನಿಂದ ಹಿಂದಕ್ಕೆ ಕೂರಿಸಿ ಭಾರವನ್ನು ಮುಂದೆ ಹಿಂದೆ ಹೆಚ್ಚುಕಡಿಮೆ ಸಮನಾಗಿ ಹಂಚಿರುವುದು, ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಕೊಟ್ಟಿರುವುದು, ಮೊದಲ ತಲೆಮಾರಿನಲ್ಲಿ ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಹಾಕಿದ್ದು ಎಲ್ಲವೂ ಈ ಒಂದು ಉದ್ದೇಶಕ್ಕಾಗಿ. ಒಂದು ಸರ್ಕಲ್ ಸುತ್ತುವುದಕ್ಕೂ ಇದರಲ್ಲಿ ಮೈ ಎಚ್ಚರವಾಗುತ್ತದೆ ಎಂದು ಓಡಿಸಿದವರು ಹೇಳುವುದರ ಹಿಂದೆ ಇಷ್ಟು ಲೆಕ್ಕ ಇದೆ.

ಗೇರುಗಳ ವಿಚಾರ ಇನ್ನೂ ಸ್ವಾರಸ್ಯದ್ದು. ಮೊದಲ ತಲೆಮಾರಿನ ಎಂಎಕ್ಸ್-5ರ ಗೇರಿನ ಅನುಪಾತ, ಟೈರಿನ ಸುತ್ತಳತೆ ಹಿಡಿದು ಗುಣಿಸಿದರೆ, ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟುವಾಗ ಮೊದಲ ಗೇರಿನಲ್ಲಿ ವೇಗ 60ರ ಹತ್ತಿರ, ಎರಡನೆಯದರಲ್ಲಿ 95ರ ಹತ್ತಿರ ಬರುತ್ತದೆ. ಅಂದರೆ ಕಾನೂನಿನೊಳಗೇ ಎಂಜಿನ್ನಿನ ಪೂರ್ತಿ ಸ್ವರವನ್ನು ಕೇಳಬಹುದು, ಗೇರು ಬದಲಿಸಬಹುದು, ಮತ್ತೆ ಕೇಳಬಹುದು. ಇದನ್ನು ಪೋರ್ಷೆಯ ಕೇಮನ್ ಜಿಟಿ4ರ ಪಕ್ಕಕ್ಕಿಡಿ. ಅದು ಅದ್ಭುತ ಕಾರು, ಅದರಲ್ಲಿ ಅನುಮಾನವಿಲ್ಲ. ಆದರೆ ಅದರ ಎರಡನೆಯ ಗೇರು ಒಂದೇ 130ನ್ನು ದಾಟುವವರೆಗೆ ಎಳೆಯುತ್ತದೆ. ಮೂರನೆಯ ಗೇರಿಗೆ ಹಾಕುವಷ್ಟರಲ್ಲಿ ನಮ್ಮಲ್ಲಿ ಎಫ್‌ಐಆರ್ ಸಿದ್ಧ! ಆರು ಗೇರುಗಳಿಗೆ ದುಡ್ಡು ಕೊಟ್ಟು ಒಂದೂವರೆ ಗೇರನ್ನು ಅನುಭವಿಸುವ ಸ್ಥಿತಿ ಅದು. ಹಿರಾಯ್ ತಂಡ ಗೇರಿನ ಕಡ್ಡಿಯ ಚಲನೆಯನ್ನು ಮಣಿಕಟ್ಟು ಆಡಿಸಿದರೆ ಸಾಕೆನ್ನುವಷ್ಟು ಗಿಡ್ಡ ಮಾಡಿತು, ಸೈಲೆನ್ಸರಿನ ದನಿಯನ್ನು ಕೇಳಿ ಕೇಳಿ ತಿದ್ದಿತು. ಸಿಗ್ನಲಿನಿಂದ ಸಿಗ್ನಲಿಗೆ ಹೋಗುವ ಮನುಷ್ಯ ದಿನಕ್ಕೆ ನೂರಾರು ಸಲ ಮಾಡುವ ಕೆಲಸ ಗೇರು ಹಾಕುವುದೇ ಆದ್ದರಿಂದ, ಇದನ್ನು ಅಲಂಕಾರ ಎನ್ನಲಾಗದು.

ಇನ್ನು ತೊಂದರೆಗಳು. ಅವನ್ನು ಮುಚ್ಚಿಟ್ಟು ಈ ವಾದ ನಿಲ್ಲುವುದಿಲ್ಲ. 2015ರಿಂದ ಮಾರಾಟದಲ್ಲಿರುವ ನಾಲ್ಕನೆಯ ತಲೆಮಾರಿನ ಕಾರಿನ ಉದ್ದ 3,915 ಮಿ.ಮೀ., ನಮ್ಮ ಸ್ವಿಫ್ಟ್‌ಗಿಂತ ಒಂದೆರಡು ಅಂಗುಲ ಹೆಚ್ಚು ಅಷ್ಟೆ. ಆದರೆ ಸ್ವಿಫ್ಟ್‌ನಲ್ಲಿ ಐವರು ಕೂರುತ್ತಾರೆ, ಇದರಲ್ಲಿ ಇಬ್ಬರು. ಡಿಕ್ಕಿ 130 ಲೀಟರು: ಒಂದು ಸಣ್ಣ ಸೂಟ್‌ಕೇಸು, ಒಂದು ಮೆತ್ತನೆಯ ಬ್ಯಾಗು. ಡ್ಯಾಷ್‌ಬೋರ್ಡಿನಲ್ಲಿ ಗ್ಲೌಬಾಕ್ಸೇ ಇಲ್ಲ, ಕಾಗದಪತ್ರ ಇಡಲು ಎರಡು ಸೀಟುಗಳ ನಡುವೆ ಬೆನ್ನ ಹಿಂದೆ ಗೂಡು ಮಾಡಿದ್ದಾರೆ. ಒಳಗೆ ಕೂರುವುದೆಂದರೆ ನೆಲಕ್ಕೆ ಕುಕ್ಕರಿಸಿದ ಹಾಗೆ; ಮಂಡಿನೋವಿನವರಿಗೆ ಇಳಿಯುವುದು ಇನ್ನೂ ಕಷ್ಟ. ಬಟ್ಟೆಯ ಹುಡ್ಡು ಮುಚ್ಚಿಕೊಂಡು ಹೆದ್ದಾರಿಯಲ್ಲಿ ಹೋದರೆ ಗಾಳಿಯ ಸದ್ದಿಗೆ ದನಿ ಎತ್ತಿ ಮಾತಾಡಬೇಕು. ಇದಕ್ಕೆ ಪ್ರತಿಯಾಗಿ ಸಿಗುವುದು: ಕೂತಲ್ಲಿಂದಲೇ ಒಂದು ಚಿಲಕ ತೆಗೆದು ಕೆಲವೇ ಸೆಕೆಂಡಿನಲ್ಲಿ ಹಿಂದಕ್ಕೆ ಸರಿಸಬಹುದಾದ ಹುಡ್ಡು, ಇಕ್ಕಟ್ಟಿನ ಪಾರ್ಕಿಂಗಿನಲ್ಲಿ ನುಸುಳುವ ಗಾತ್ರ, ಅಮೆರಿಕದ ಸರ್ಕಾರಿ ಅಂದಾಜಿನಂತೆ ಲೀಟರಿಗೆ ಸುಮಾರು 12 ಕಿ.ಮೀ. ಮೈಲೇಜು. ಮಕ್ಕಳನ್ನು ಶಾಲೆಗೆ ಬಿಡುವ ಮನೆಗೆ ಇದು ಎರಡನೆಯ ಕಾರಾಗಬಹುದೇ ಹೊರತು ಒಂದೇ ಕಾರಾಗದು. ಒಬ್ಬರೇ ಅಥವಾ ಇಬ್ಬರೇ ಓಡಾಡುವವರಿಗೆ ಆ ಮಿತಿ ಅಷ್ಟಾಗಿ ತಟ್ಟುವುದಿಲ್ಲ. ಆಫೀಸಿಗೆ ಹೋಗುವ ಹೆಚ್ಚಿನ ಕಾರುಗಳಲ್ಲಿ ಎಷ್ಟು ಸೀಟು ಖಾಲಿ ಇರುತ್ತವೆ ಎಂಬುದನ್ನು ಯಾವ ಸಿಗ್ನಲಿನಲ್ಲಾದರೂ ನಿಂತು ನೋಡಬಹುದು.

ದಿನನಿತ್ಯದ ಕಾರಿಗೆ ಓಡಿಸುವ ಸುಖಕ್ಕಿಂತ ದೊಡ್ಡ ಪರೀಕ್ಷೆ ಗ್ಯಾರೇಜಿನದು. 1990ರ ದಶಕದ ಫೆರಾರಿ ಎಫ್355ರಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಬೇಕೆಂದರೆ ಎಂಜಿನ್ನನ್ನೇ ಕಾರಿನಿಂದ ಕೆಳಗಿಳಿಸಬೇಕು, ಅದೂ ಕೆಲವೇ ವರ್ಷಗಳಿಗೊಮ್ಮೆ. ಅದೇ ಕಾಲದ 1.6 ಲೀಟರಿನ ಮಜ್ದಾದಲ್ಲಿ ಬೆಲ್ಟಿನ ಆಯುಷ್ಯ ಒಂದು ಲಕ್ಷ ಕಿ.ಮೀ.ಗೆ ಸ್ವಲ್ಪ ಕಡಿಮೆ. ಮರೆತು ಓಡಿಸಿ ಬೆಲ್ಟು ಹರಿದರೂ ವಾಲ್ವುಗಳಿಗೆ ಪಿಸ್ಟನ್ ಬಡಿಯದಂಥ ವಿನ್ಯಾಸ. ಹೊಸ ಬೆಲ್ಟ್ ಹಾಕಿಸಿದರೆ ಸಾಮಾನ್ಯವಾಗಿ ಕಾರು ಮತ್ತೆ ಓಡುತ್ತದೆ. ಹಾಗೆಂದು ದೊಡ್ಡ ಕಾರುಗಳೆಲ್ಲ ದಿನದ ಓಡಾಟಕ್ಕೆ ಸಲ್ಲವು ಎಂದರೆ ತಪ್ಪಾದೀತು. 1990ರ ಹೋಂಡಾ ಎನ್‌ಎಸ್‌ಎಕ್ಸ್ ಆ ಮಾತನ್ನು ಸುಳ್ಳು ಮಾಡಿದೆ. ಅಲ್ಯೂಮಿನಿಯಂ ಮೈ, 3 ಲೀಟರಿನ ವಿ6, ಯುದ್ಧವಿಮಾನದ ಗಾಜಿನ ಗೂಡನ್ನು ನೋಡಿ ಕಲಿತ ಚಾಲಕನ ಕೋಣೆ: ಸುತ್ತಲೂ ಎಲ್ಲವೂ ಕಾಣುತ್ತಿತ್ತು. ಅದಕ್ಕೆ ಮೊದಲಿನ ಲಂಬೋರ್ಗಿನಿ ಕೌಂಟಾಷ್ ಕಾರನ್ನು ರಿವರ್ಸ್ ತೆಗೆಯಲು ಚಾಲಕರು ಬಾಗಿಲು ಮೇಲೆತ್ತಿ, ಅಂಚಿನ ಮೇಲೆ ಕೂತು, ಹೊರಗೆ ಇಣುಕಬೇಕಿತ್ತು. ಮೆಕ್‌ಲಾರೆನ್ ಎಫ್1 ಕಾರನ್ನು ರೂಪಿಸಿದ ಗಾರ್ಡನ್ ಮರ್ರಿ ತಮಗಾಗಿ ಒಂದು ಎನ್‌ಎಸ್‌ಎಕ್ಸ್ ಇಟ್ಟುಕೊಂಡು ವರ್ಷಗಟ್ಟಲೆ ಓಡಿಸಿದರು; ಅವರು ಮಾದರಿಯಾಗಿ ಹಿಡಿದದ್ದು ಅದರ ವೇಗವನ್ನಲ್ಲ, ಊರೊಳಗೆ ಅದು ನಡೆದುಕೊಳ್ಳುವ ರೀತಿಯನ್ನು. ಅದರ ತೂಕವೂ 1,400 ಕೆ.ಜಿ.ಯ ಒಳಗೇ ಇತ್ತು ಎಂಬುದನ್ನು ಇಲ್ಲಿ ಸೇರಿಸಬೇಕು.

ಈ ವಾದಕ್ಕೆ ಈಗ ಬರುವ ಬಲವಾದ ಆಕ್ಷೇಪ ಎಲೆಕ್ಟ್ರಿಕ್ ಕಾರುಗಳದ್ದು. ಕ್ಲಚ್ಚಿಲ್ಲ, ಸದ್ದಿಲ್ಲ, ಹೊಗೆಯಿಲ್ಲ, ಪಿಕಪ್ಪಿಗೆ ಕಾಯಬೇಕಿಲ್ಲ. ದಿನವೂ ಓಡಿಸಲು ಇದಕ್ಕಿಂತ ಇನ್ನೇನು ಬೇಕು ಎಂಬ ಮಾತು. 2025ರಲ್ಲಿ ಭಾರತಕ್ಕೆ ಬಂದ ಎಂಜಿ ಸೈಬರ್‌ಸ್ಟರ್ ಇದಕ್ಕೆ ತಕ್ಕ ಉದಾಹರಣೆ. ಎರಡು ಸೀಟು, ತೆರೆಯುವ ಹುಡ್ಡು, 500 ಮೀರಿದ ಅಶ್ವಶಕ್ತಿ, 100ಕ್ಕೆ 3.2 ಸೆಕೆಂಡು, ಷೋರೂಮ್ ಬೆಲೆ 75 ಲಕ್ಷದ ಹತ್ತಿರ. ಕಾರಿನ ಮೇಲಿರುವ ಹೆಸರು ಅದೇ ಹಳೆಯ ಎಂಜಿಬಿಯ ಮನೆತನದ್ದು, ಈಗ ಚೀನಾದ ಸೈಕ್ ಕಂಪನಿಯ ಕೈಯಲ್ಲಿದೆ. ಎಂಜಿಬಿ ಒಂದು ಟನ್ ತೂಗುತ್ತಿರಲಿಲ್ಲ. ಇದು ಎರಡು ಟನ್ನಿಗೆ ಹತ್ತಿರ. ಇದರ ವೇಗ ನಿಜ, ಆರಾಮವೂ ನಿಜ. ಆದರೆ ಆರಾಮವೇ ಬೇಕಿದ್ದವರಿಗೆ ಒಳ್ಳೆಯ ಸೆಡಾನ್ ಸಾಕು. ಮೂರು ಸೆಕೆಂಡಿನ ಓಟವೇ ಬೇಕಿದ್ದವರಿಗೆ ಆ ಮೂರು ಸೆಕೆಂಡು ಮುಗಿದ ಮೇಲೆ ಉಳಿಯುವುದು ಕಡಿಮೆ. ಪಿಕಪ್ಪು ಇಂದು ಅಗ್ಗವಾಗಿದೆ, ಬ್ಯಾಟರಿ ದೊಡ್ಡದು ಮಾಡಿದರೆ ಯಾರು ಬೇಕಾದರೂ ಕೊಡಬಲ್ಲರು. ಹಗುರತನವನ್ನು ಮಾತ್ರ ಹಾಗೆ ಸೇರಿಸಲು ಬರುವುದಿಲ್ಲ. ಎಂಎಕ್ಸ್-5 ಮಾಡುವವರು 2015ರ ಕಾರಿನಲ್ಲಿ, ಏರ್‌ಬ್ಯಾಗು, ಬಲವಾದ ಚೌಕಟ್ಟು ಎಲ್ಲ ಸೇರಿಸಿದ ಮೇಲೂ, ಜಪಾನಿನ 1.5 ಲೀಟರಿನ ಮೂಲ ಮಾದರಿಯನ್ನು 990 ಕೆ.ಜಿ.ಗೆ ಇಳಿಸಿದ್ದು ನನಗೆ ಯಾವ ಸೆಕೆಂಡಿನ ದಾಖಲೆಗಿಂತಲೂ ದೊಡ್ಡ ಸಾಧನೆಯಾಗಿ ಕಾಣುತ್ತದೆ. ಮುಂದೆ ಹಗುರ ಬ್ಯಾಟರಿಗಳು ಬಂದರೆ ಇದೇ ಅಳತೆಯಲ್ಲಿ ಎಲೆಕ್ಟ್ರಿಕ್ ಕಾರೂ ಗೆಲ್ಲಬಹುದು. ಪೆಟ್ರೋಲಿನ ಮೇಲಿನ ಮಮಕಾರದಿಂದ ಈ ಮಾತು ಹೇಳುತ್ತಿಲ್ಲ.

ಸುರಕ್ಷತೆಯ ಆಕ್ಷೇಪಕ್ಕೆ ಅಷ್ಟು ಸಲೀಸಾದ ಉತ್ತರವಿಲ್ಲ. ಎರಡು ವಾಹನ ಡಿಕ್ಕಿಯಾದಾಗ ಹಗುರವಾದದ್ದು ಹೆಚ್ಚು ಪೆಟ್ಟು ತಿನ್ನುತ್ತದೆ. ಭೌತಶಾಸ್ತ್ರ ಇಲ್ಲಿ ಹಗುರ ಕಾರಿನ ವಿರುದ್ಧ ನಿಲ್ಲುತ್ತದೆ. ಯುರೋ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 2015ರ ಎಂಎಕ್ಸ್-5ಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ ಬಂತು, ಅದೇನೂ ಕಳಪೆಯಲ್ಲ. ಆದರೂ ಎದೆಯೆತ್ತರದ ಎಸ್‌ಯುವಿಗಳು, ಲಾರಿಗಳ ನಡುವೆ 1,235 ಮಿ.ಮೀ. ಎತ್ತರದ ಕಾರು ಪಕ್ಕದವರ ಕಣ್ಣಿಗೆ ಬೀಳದೆ ಹೋಗುವ ಅಪಾಯ ನಿತ್ಯದ್ದು. ಬೇಗ ನಿಲ್ಲುವುದು, ಬೇಗ ತಪ್ಪಿಸಿಕೊಳ್ಳುವುದು ಹಗುರ ಕಾರಿಗಿರುವ ಅನುಕೂಲ. ಅದು ಎಚ್ಚರದ ಚಾಲಕನಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಬೆಂಗಳೂರಿನಲ್ಲಿ? ಮೊದಲ ಮಾತು, ಮಜ್ದಾ ಇಲ್ಲಿ ಕಾರು ಮಾರುವುದಿಲ್ಲ. ಎರಡನೆಯದು, ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಲ್ಲಿ ನಗರದ ನಡುಭಾಗದಲ್ಲಿ 10 ಕಿ.ಮೀ. ಸಾಗಲು 29 ನಿಮಿಷ ಬೇಕಿತ್ತು, ಅಂದರೆ ಗಂಟೆಗೆ 20ರ ಆಸುಪಾಸಿನ ವೇಗ. ಈ ಲೇಖನದ ವಾದ 40ರ ವೇಗದ್ದು. 20ಕ್ಕೆ ಅದು ನಿಲ್ಲುವುದಿಲ್ಲ. ಸಿಲ್ಕ್ ಬೋರ್ಡಿನ ಸಾಲಿನಲ್ಲಿ ಕ್ಲಚ್ಚು ತುಳಿಯುವ ಎಡಗಾಲಿಗೆ ಹಗುರ ಕಾರಾದರೇನು, ಭಾರದ್ದಾದರೇನು. ಹುಡ್ಡು ತೆಗೆದರೆ ಮುಂದಿನ ಬಸ್ಸಿನ ಹೊಗೆ ನೇರ ಮೂಗಿಗೆ. ಮೂರನೆಯದು ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಹಾಗಿದ್ದರೆ ಸ್ಪೋರ್ಟ್ಸ್ ಕಾರೂ ನಿಧಾನವಾಗಿ ದಾಟೀತು. ಬಡಾವಣೆಯವರೇ ರಾತ್ರೋರಾತ್ರಿ ಹಾಕಿಕೊಂಡ ಹಂಪಿಗೆ ಆ ಪುಸ್ತಕದ ಪರಿಚಯವಿರುವುದಿಲ್ಲ. ಬೆಂಗಳೂರಿನಲ್ಲಿ 911 ಓಡಿಸುವವರು ಮೂತಿಯನ್ನು ಸುಮಾರು 40 ಮಿ.ಮೀ. ಮೇಲೆತ್ತುವ ಲಿಫ್ಟ್ ಹಾಕಿಸಿಕೊಳ್ಳಲು ಕಾರಣ ಇದೇ. ಹೊಸ ಮಾದರಿಗಳಲ್ಲಿ ಹಂಪಿನ ಜಾಗವನ್ನು ಒಮ್ಮೆ ಗುರುತು ಮಾಡಿಟ್ಟರೆ ಜಿಪಿಎಸ್ ನೋಡಿ ಕಾರು ತಾನೇ ಮೂತಿ ಎತ್ತುತ್ತದೆ. ಹಿಂದೆ ಎರಡು ಪುಟ್ಟ ಸೀಟು, ಮುಂದೆ ಡಿಕ್ಕಿ, ತಕ್ಕಮಟ್ಟಿನ ಕಿಟಕಿಗಳು ಇರುವುದರಿಂದ ಇಲ್ಲಿ ಸಿಗುವವುಗಳಲ್ಲಿ ದಿನದ ಬಳಕೆಗೆ 911 ಒಗ್ಗುತ್ತದೆ ಎಂಬುದನ್ನು ಒಪ್ಪಬೇಕು. ಬೆಲೆಯ ಮೇಲೆ ಆಮದು ಸುಂಕ, ಅದರ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ ಸೇರಿದಾಗ ಬರುವ ಮೊತ್ತಕ್ಕೆ ಎಷ್ಟು ಜನ ಒಗ್ಗುತ್ತಾರೆ ಎಂಬುದು ಬೇರೆ ಮಾತು.

ಆದ್ದರಿಂದ ಸದ್ಯಕ್ಕೆ ಇದು ಹೊರದೇಶದಲ್ಲಿರುವ ಕನ್ನಡಿಗರಿಗೆ ಹೆಚ್ಚು ಉಪಯೋಗದ ಲೆಕ್ಕ. ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಹಳೆಯ ಎಂಎಕ್ಸ್-5 ಕೊಳ್ಳುವವರು ಎಂಜಿನ್ನಿಗಿಂತ ಮೊದಲು ಸೀಟಿನ ಹಿಂದೆ ಹುಡ್ಡಿನ ನೀರು ಇಳಿದುಹೋಗುವ ತೂತುಗಳನ್ನು ನೋಡುವುದು ಒಳ್ಳೆಯದು. ಅಲ್ಲಿ ಎಲೆ, ಕಸ ಕಟ್ಟಿದರೆ ನೀರು ಬಾಗಿಲ ಕೆಳಗಿನ ಪಟ್ಟಿಗಳ ಒಳಕ್ಕೆ ಹೋಗಿ ತುಕ್ಕು ಹಿಡಿಸುತ್ತದೆ, ಅದರ ರಿಪೇರಿ ಎಂಜಿನ್ ಕೆಲಸಕ್ಕಿಂತ ದುಬಾರಿಯಾಗಬಹುದು. ಆರಡಿ ಮೀರಿದವರು ದುಡ್ಡು ಕೊಡುವ ಮೊದಲು ಹುಡ್ಡು ಮುಚ್ಚಿ ಒಳಗೆ ಕೂತು ನೋಡಬೇಕು. ತಲೆ ತಾಗಿದರೆ ಇಷ್ಟು ಹೊತ್ತು ಹೇಳಿದ್ದು ಅವರಿಗೆ ಅನ್ವಯಿಸುವುದಿಲ್ಲ.