ತ್ರೀಡಿ ಗೊಂಬೆಗೆ ಒಡವೆ ತೊಡಿಸುವುದು

ಪ್ರಶ್ನೆ: ಕಂಪ್ಯೂಟರಿನ ತ್ರೀಡಿ ಪಾತ್ರ ಹೇಗೆ ಮೈ ಬಗ್ಗಿಸಿದರೂ ತೊಟ್ಟ ಒಡವೆ ಜಾಗದಲ್ಲೇ ಇರುತ್ತದಲ್ಲ, ಹೇಗೆ?

ಉತ್ತರ: ಪೋಸರ್, ಡ್ಯಾಜ್ ಸ್ಟುಡಿಯೋ, ಬ್ಲೆಂಡರ್‌ನಂಥ ತಂತ್ರಾಂಶಗಳಲ್ಲಿ ಪಾತ್ರದ ಚರ್ಮದೊಳಗೆ ಮೂಳೆಗಳಿರುತ್ತವೆ. ಚರ್ಮದ ಪ್ರತಿ ಬಿಂದು ಯಾವ ಮೂಳೆಯ ಮಾತನ್ನು ಎಷ್ಟು ಕೇಳಬೇಕೆಂಬ ಲೆಕ್ಕವೇ ವೇಟ್. ಬಟ್ಟೆಗಾದರೆ ಅದೇ ಲೆಕ್ಕವನ್ನು ನಕಲು ಮಾಡಿದರೆ ಬಹುಮಟ್ಟಿಗೆ ಸಾಕು. ಒಡವೆಗೆ ಸಾಲದು. ತೋಳು ಎತ್ತಿದಾಗ ಚರ್ಮ ಹಿಗ್ಗುತ್ತದೆ, ಜೊತೆಗೆ ಚಿನ್ನವೂ ರಬ್ಬರಿನಂತೆ ಹಿಗ್ಗಿ ಪದಕ ಸೊಟ್ಟಗಾಗುತ್ತದೆ! ಅದಕ್ಕೇ ಸರವನ್ನು ಚರ್ಮದೊಂದಿಗೆ ಬಾಗಲು ಬಿಟ್ಟು, ಪದಕವನ್ನು ಮಾತ್ರ ಎದೆಯ ಮೇಲಿನ ಸಣ್ಣದೊಂದು ಜಾಗಕ್ಕೆ ಕಟ್ಟುತ್ತಾರೆ. ಆ ಜಾಗ ಸರಿದರೆ ಪದಕವೂ ಸರಿಯುತ್ತದೆ, ಆಕಾರ ಕೆಡುವುದಿಲ್ಲ. ಬಳೆ ಸುಲಭ, ಮುಂಗೈ ಮೂಳೆಗೆ ಜೋಡಿಸಿದರಾಯಿತು. ಕೈ ಎತ್ತಿದಾಗ ಅದು ಮೊಣಕೈ ಕಡೆ ಜಾರದೆ ಹಾಗೇ ನಿಂತಿರುತ್ತದೆ ಎನ್ನುವುದು ಬೇರೆ ಮಾತು.

ನಿಜವಾಗಿ ಕಾಡುವುದು ಜುಮುಕಿ. ತಲೆ ವಾಲಿದರೆ ಅದೂ ಓರೆಯಾಗಿ ಗಾಳಿಯಲ್ಲಿ ನಿಂತುಬಿಡುತ್ತದೆ. ಕೊಕ್ಕೆಯ ಜಾಗದಲ್ಲಿ ಅದಕ್ಕೆಂದೇ ಪುಟ್ಟ ಮೂಳೆಯೊಂದನ್ನಿಟ್ಟರೆ, ಭಂಗಿ ಕೊಟ್ಟಮೇಲೆ ತಿರುಗಿಸಿ ನೆಟ್ಟಗೆ ಇಳಿಬಿಡಬಹುದು. ಸಿದ್ಧ ಒಡವೆ ಕೊಳ್ಳುವವರು ಮೊದಲು ನೋಡಬೇಕಾದ್ದು ಈ ಮೂಳೆ ಇದೆಯೇ ಎಂದು, ಮಿನುಗು ಆಮೇಲೆ.